ಆಟ ಮುಗಿದ ಮೇಲೆ ಎದ್ದು ನಡೆದನಲ್ಲ, ಇದು ಮೋಸವಲ್ಲವೇ?

ಪ್ರಶ್ನೆ: ವೀಲ್‌ಚೇರ್ ರಗ್ಬಿ ಲೀಗ್ ಪಂದ್ಯದ ವಿಡಿಯೊ ನೋಡಿದೆ. ಕೊನೆಯಲ್ಲಿ ಒಬ್ಬ ಆಟಗಾರ ಬೆಲ್ಟ್ ಬಿಚ್ಚಿ, ಕುರ್ಚಿ ತಳ್ಳಿಕೊಂಡು ನಡೆದೇ ಹೋದ! ಇದಕ್ಕೆ ಅವಕಾಶ ಇದೆಯೇ? ಅಂದ ಹಾಗೆ, ಕುರ್ಚಿಯಲ್ಲಿ ಕೂತು ಚೆಂಡು ಒದೆಯುವುದಾದರೂ ಹೇಗೆ?

ಉತ್ತರ: ಅವಕಾಶ ಇದೆ. ಅಂಕಣದಲ್ಲಿರುವ ಐವರಲ್ಲಿ ಇಬ್ಬರವರೆಗೆ ಅಂಗವೈಕಲ್ಯ ಇಲ್ಲದವರು ಆಡಬಹುದು. ಹೆಣ್ಣು ಗಂಡು ಒಂದೇ ತಂಡ. ನಿಮ್ಮ ಮನಸ್ಸಿನಲ್ಲಿರುವುದು ಬಹುಶಃ ಪ್ಯಾರಾಲಿಂಪಿಕ್ಸ್‌ನ ವೀಲ್‌ಚೇರ್ ರಗ್ಬಿ. ಅದು ನಾಲ್ವರ ಆಟ, ಚೆಂಡು ದುಂಡಗಿನದು. ಇದು 2004ರಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿದ ಬೇರೆಯೇ ಆಟ: ಮೊಟ್ಟೆಯಾಕಾರದ ಚೆಂಡು, ಪಾಸ್ ಹಿಂದಕ್ಕೆ ಮಾತ್ರ.

ನಡೆಯಬಲ್ಲವನಿಗೆ ಲಾಭ ಇಲ್ಲವೇ? ಆಟ ನೋಡಿ. ಚೆಂಡು ತೊಡೆಯ ಮೇಲೆ, ಎರಡೂ ಕೈ ಚಕ್ರದ ಮೇಲೆ. ಪಾಸ್ ಕೊಡಬೇಕಾದರೆ ಚಕ್ರ ಬಿಡಲೇಬೇಕು. ಬಿಟ್ಟ ಗಳಿಗೆಯಲ್ಲೇ ಎದುರಾಳಿ ಕುರ್ಚಿಗೆ ಕುರ್ಚಿ ಗುದ್ದಿಸಿ, ಭುಜಕ್ಕೆ ಅಂಟಿಸಿದ ವೆಲ್ಕ್ರೋ ಪಟ್ಟಿಯನ್ನು ಚರ್ರನೆ ಕೀಳುತ್ತಾನೆ. ಟ್ಯಾಕಲ್, ಅಂದರೆ ಚೆಂಡು ಹಿಡಿದವನನ್ನು ತಡೆಯುವುದು, ಎಂದರೆ ಅಷ್ಟೇ. ಕಾಲಿಗೆ ಇಲ್ಲಿ ಕೆಲಸವೇ ಇಲ್ಲ. ಹಾಗಂತ ಪೂರ್ತಿ ಸಮಬಲ ಅಂತ ನಾನು ಹೇಳಲಾರೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಸೊಂಟ ತಿರುಗಿಸಿ ಬಾಗುವುದು ಕಷ್ಟ, ಅದು ಬಲ್ಲವನ ಕೈ ಇನ್ನೊಂದು ಗೇಣು ಮುಂದೆ ಚಾಚುತ್ತದೆ. ಇಬ್ಬರೇ ಎಂಬ ಮಿತಿ ನ್ಯಾಯವಾದದ್ದು ಅಂತ ನನಗನ್ನಿಸುವುದು ಅದಕ್ಕೇ.

ಈ ಆಟದ ಆಟಗಾರ ಜೇಮ್ಸ್ ಸಿಂಪ್ಸನ್ ಮೊದಲು ಬ್ರಿಟಿಷ್ ಸೈನಿಕರಾಗಿದ್ದರು. 2009ರಲ್ಲಿ ಅಫ್ಘಾನಿಸ್ತಾನದ ಬಾಂಬ್ ಸ್ಫೋಟದಲ್ಲಿ ಎರಡೂ ಕಾಲು ಹೋದವು. ಆಮೇಲೆ ಲೀಡ್ಸ್ ರೈನೋಸ್ ಕ್ಲಬ್ ಸೇರಿದರು, ಇಂಗ್ಲೆಂಡ್ ತಂಡಕ್ಕೂ ಬಂದರು. ಕೋವಿಡ್‌ನಿಂದ ಒಂದು ವರ್ಷ ಮುಂದೆ ಹೋದ ವಿಶ್ವಕಪ್‌ನ ಫೈನಲ್ 2022ರ ನವೆಂಬರ್ 18ರಂದು ಮ್ಯಾಂಚೆಸ್ಟರ್‌ನಲ್ಲಿ ನಡೆಯಿತು. ಎದುರಿಗೆ ಫ್ರಾನ್ಸ್, ಹಿಂದಿನ ಎರಡು ಕಪ್ ಗೆದ್ದವರು. 24-24ರಲ್ಲಿ ಸಿಕ್ಕಿಕೊಂಡಿದ್ದ ಪಂದ್ಯವನ್ನು ಇಂಗ್ಲೆಂಡ್ ನಾಯಕ ಟಾಮ್ ಹ್ಯಾಲಿವೆಲ್ ಕೊನೆಯ ನಿಮಿಷಗಳಲ್ಲಿ ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿ ಗಳಿಸುವ ನಾಲ್ಕು ಅಂಕ) ಹೊಡೆದು ಬಿಡಿಸಿದರು. 28-24. ಆ ಕಪ್ ಗೆದ್ದ ತಂಡದಲ್ಲಿ ಸಿಂಪ್ಸನ್ ಕೂಡ ಇದ್ದರು.

ಇನ್ನು ಒದೆಯುವ ವಿಷಯ. ಒದೆಯುವುದಿಲ್ಲ. ಚೆಂಡನ್ನು ‘ಟೀ’ ಎಂಬ ಪುಟ್ಟ ಆಸರೆಯ ಮೇಲೆ ನಿಲ್ಲಿಸಿ, ಮುಷ್ಟಿ ಬಿಗಿದು ಗುದ್ದುತ್ತಾರೆ. ಕಂಬಗಳ ನಡುವೆ ಹೋದರೆ ಎರಡು ಅಂಕ. ನೀವು ನೋಡಿದ, ಎದ್ದು ನಡೆದ ಆಸಾಮಿಯೂ ಗುದ್ದಲೇಬೇಕು.