ತಾಯಿ ಕಾರ್ಡಿನ ಮೇಲೆ ಕೆಂಪು ಪೆನ್ನಿನ ಒಂದು ಸಾಲು

ಅತ್ತಿಗೆಗೆ 36 ವಾರ ತುಂಬಿದಾಗ ಶಿವಮೊಗ್ಗದ ಡಾಕ್ಟ್ರು ಉದ್ದದ ಹತ್ತಿಕಡ್ಡಿಯಲ್ಲಿ ಯೋನಿ, ಗುದದ್ವಾರ ಎರಡು ಕಡೆಯಿಂದ್ಲೂ ಸ್ಯಾಂಪಲ್ ತೆಗ್ದು ಲ್ಯಾಬಿಗೆ ಕಳಿಸಿದ್ರು. ರಿಪೋರ್ಟ್ ಪಾಸಿಟಿವ್. ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಅನ್ನೋ ಬ್ಯಾಕ್ಟೀರಿಯಾ, ಚಿಕ್ಕದಾಗಿ ಜಿಬಿಎಸ್. ಅಮ್ಮ ಅವತ್ತು ಸರಿಯಾಗಿ ಊಟಾನೇ ಮಾಡ್ಲಿಲ್ಲ.

ಅಸಲಿಗೆ ಇದು ತಾಯಿಗಿರೋ ಕಾಯಿಲೆ ಅಲ್ಲ ಕಣ್ರಿ. ಎಷ್ಟೋ ಜನರ ಕರುಳಲ್ಲಿ ಈ ಬ್ಯಾಕ್ಟೀರಿಯಾ ತನ್ನ ಪಾಡಿಗೆ ಇರುತ್ತೆ, ಗಲೀಜಿಗೂ ಇದಕ್ಕೂ ಸಂಬಂಧ ಇಲ್ಲ. ಹೆರಿಗೇಲಿ ಮಗುವಿಗೆ ಅಂಟ್ಕೊಳ್ಬಹುದು, ಔಷಧಿ ಕೊಡದೇ ಇದ್ರೆ ಇಂಥ ತಾಯಂದಿರ ನೂರು ಮಕ್ಕಳಲ್ಲಿ ಒಂದೋ ಎರಡಕ್ಕೋ ರಕ್ತದ ಸೋಂಕು, ನ್ಯುಮೋನಿಯಾ, ಇಲ್ಲಾ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಆಗುತ್ತೆ, ಅದೂ ಹೆಚ್ಚಾಗಿ ಹುಟ್ಟಿದ ಮೊದಲ 24 ಗಂಟೆ ಒಳಗೇ.

"ಹಂಗಾದ್ರೆ ಈಗ್ಲೇ ಮಾತ್ರೆ ನುಂಗ್ಸಿಬಿಡಿ" ಅಂದ್ಲು ಅಮ್ಮ. ಆಗಲ್ಲ. ತೋಟದ ಕಳೆ ಇದ್ದಂಗೆ, ಇವತ್ತು ಸವರಿದ್ರೆ ಹೆರಿಗೆ ಹೊತ್ತಿಗೆ ಮತ್ತೆ ಚಿಗುರಿರುತ್ತೆ. (ಮೂತ್ರದಲ್ಲೇ ಜಾಸ್ತಿ ಸಿಕ್ಕಿದ್ರೆ ಮಾತ್ರ ಆಗ್ಲೇ ಔಷಧಿ ಕೊಡ್ತಾರೆ, ಆಮೇಲೆ ಹೆರಿಗೇಲೂ ಕೊಡ್ಬೇಕು.) ನೋವು ಶುರುವಾದ್ಮೇಲೆ ಪೆನಿಸಿಲಿನ್ ಡ್ರಿಪ್, ಮೊದ್ಲು 50 ಲಕ್ಷ ಯೂನಿಟ್, ಆಮೇಲೆ ನಾಲ್ಕು ಗಂಟೆಗೊಂದು ಸಲ 25-30 ಲಕ್ಷ. ಮಗು ಹುಟ್ಟೋಕೆ ನಾಲ್ಕು ಗಂಟೆ ಮೊದ್ಲಾದ್ರೂ ಮೊದಲ ಡೋಸ್ ಹೋಗಿರ್ಬೇಕು.

ಅಮೆರಿಕದಲ್ಲಿ 1990ರ ದಶಕದ ಶುರುವಲ್ಲಿ ಸಾವಿರ ಮಕ್ಕಳಲ್ಲಿ ಸುಮಾರು 1.7 ಮಕ್ಕಳಿಗೆ ಮೊದಲ ವಾರದಲ್ಲೇ ಈ ಸೋಂಕು ಆಗ್ತಿತ್ತು, ಈ ಟೆಸ್ಟು, ಡ್ರಿಪ್ಪು ರೂಢಿಗೆ ಬಂದ್ಮೇಲೆ 2015ರ ಹೊತ್ತಿಗೆ 0.23ಕ್ಕೆ ಇಳೀತು. ಬ್ರಿಟನ್‌ನಲ್ಲಿ ಎಲ್ರಿಗೂ ಟೆಸ್ಟ್ ಮಾಡಲ್ಲ, ನಮ್ಮಲ್ಲೂ ಇಲ್ಲ. ಇಲ್ಲಿನ ದೊಡ್ಡಾಸ್ಪತ್ರೆಗಳ ಎನ್‌ಐಸಿಯುಗಳಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಕ್ಲೆಬ್ಸಿಯೆಲ್ಲಾ, ಅಸಿನಿಟೊಬ್ಯಾಕ್ಟರ್ ಅನ್ನೋ ಬೇರೆ ಬ್ಯಾಕ್ಟೀರಿಯಾಗಳ ಕಾಟಾನೇ ಜಾಸ್ತಿ, ಅದಕ್ಕೆ ಈ ಟೆಸ್ಟ್ ಸಾಲ್ದು, ಕೈ ತೊಳ್ಯೋದೇ ದೊಡ್ಡ ಔಷಧಿ.

ನಮ್ಮ ಸಮಸ್ಯೆ ಬೇರೆ, ಆ ನಾಲ್ಕು ಗಂಟೆ. ಮನೆ ಹೊಸನಗರದ ಆಚೆ, ಆಷಾಢದ ಮಳೆ, ಯಾವ ತಿರುವಲ್ಲಿ ಮರ ಬಿದ್ದಿರುತ್ತೋ ಗೊತ್ತಿಲ್ಲ. ಡಾಕ್ಟ್ರು ನೋವು ಜೋರಾಗ್ಲಿ ಅಂತ ಕಾಯ್ಬೇಡಿ, ನೀರು ಹೋಗೋಕೆ ಶುರುವಾದ್ರೆ ತಕ್ಷಣ ಹೊರಡಿ ಅಂದಿದ್ರು. ಅಣ್ಣ ತಾಯಿ ಕಾರ್ಡಿನ ಮೇಲೆ ಕೆಂಪು ಪೆನ್ನಲ್ಲಿ 'ಜಿಬಿಎಸ್ ಪಾಸಿಟಿವ್, ಪೆನಿಸಿಲಿನ್ ಅಲರ್ಜಿ ಇಲ್ಲ' ಅಂತ ಬರ್ದಿಟ್ಟಿದ್ದ. ರಾತ್ರಿ ಒಂದೂವರೆಗೆ ಹೊರಟ್ವಿ, ಡ್ಯೂಟಿ ಡಾಕ್ಟ್ರು ಕಾರ್ಡ್ ನೋಡಿದ್ದೇ ನಾಲ್ಕೂಕಾಲಿಗೆ ಡ್ರಿಪ್ ಹಾಕಿಸಿದ್ರು, ಪಾಪು ಬಂದಿದ್ದು ಒಂಬತ್ತೂವರೆಗೆ.

ಒಂದು ವಾರದಿಂದ ಮೂರು ತಿಂಗಳೊಳಗೆ ಬರೋ ಜಿಬಿಎಸ್ ಸೋಂಕನ್ನ ಈ ಡ್ರಿಪ್ ತಡೆಯಲ್ಲ. ಹಾಲು ಕುಡೀದೇ ಇದ್ರೆ, ನರಳಿದ್ರೆ, ಉಸಿರು ನಿಮಿಷಕ್ಕೆ 60 ದಾಟಿದ್ರೆ ಕರ್ಕೊಂಡು ಬನ್ನಿ ಅಂದಿದಾರೆ. ಅಮ್ಮ ಈಗ ಮೊಬೈಲ್ ಟೈಮರ್ ಇಟ್ಕೊಂಡು ತೊಟ್ಟಿಲ ಪಕ್ಕ ಎಣಿಸ್ತಾ ಕೂತಿರ್ತಾಳೆ.