ಹಳೆಯ ಬಾರ್ಲಿ ವೈನ್: ಸಿಹಿ ಏರಲಿಲ್ಲ, ಕಹಿ ಇಳಿಯಿತು

ಬಾರ್ಲಿ ವೈನ್ ಹೆಸರಿಗಷ್ಟೇ ವೈನ್, ನಿಜದಲ್ಲಿ ಅದು ತುಂಬಾ ಗಟ್ಟಿಯಾದ ಬಿಯರ್. ಅದನ್ನು ವರ್ಷಗಟ್ಟಲೆ ಇಟ್ಟು ಕುಡಿದವರು ಸಾಮಾನ್ಯವಾಗಿ ಒಂದೇ ಮಾತು ಹೇಳುತ್ತಾರೆ: "ಇಟ್ಟಷ್ಟೂ ಸಿಹಿಯಾಗುತ್ತೆ ನೋಡಿ!" ಇದನ್ನು ಕೇಳಿದಾಗಲೆಲ್ಲ ನನಗೆ ಸುಮ್ನೆ ಕೂರೋಕೆ ಆಗುವುದಿಲ್ಲ. ಮುಚ್ಚಳ ಬಿಗಿದ ಬಾಟಲಿಯೊಳಗೆ ಸಕ್ಕರೆ ಎಲ್ಲಿಂದ ಬರಬೇಕು? ತಳದಲ್ಲಿ ಒಂದಿಷ್ಟು ಯೀಸ್ಟ್ ಉಳಿದಿದ್ದರೆ ಅದು ಸಕ್ಕರೆಯನ್ನು ತಿಂದು ಕಡಿಮೆ ಮಾಡುತ್ತದೆ, ಅಷ್ಟೇ. ಆದರೂ ಕುಡಿದವರ ನಾಲಿಗೆ ಸುಳ್ಳು ಹೇಳುತ್ತಿಲ್ಲ. ಹಳೆಯ ಬಾಟಲಿ ನಿಜಕ್ಕೂ ಜಾಸ್ತಿ ಸಿಹಿ ಅನ್ನಿಸುತ್ತದೆ. ಮಜಾ ಇರುವುದೇ ಇಲ್ಲಿ.

ಮೊದಲು ಬಾಟಲಿಯಲ್ಲಿ ಏನಿದೆ ಅಂತ ಲೆಕ್ಕ ಹಾಕೋಣ. ಹುದುಗುವ ಮೊದಲು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ರಸದ ಸಾಂದ್ರತೆ 1.100 ಇತ್ತು ಅಂದುಕೊಳ್ಳಿ. ನೀರಿನದು 1.000. ಯೀಸ್ಟ್ ತನ್ನ ಕೆಲಸ ಮುಗಿಸಿದಾಗ ಅದು 1.025ಕ್ಕೆ ಇಳಿದಿರುತ್ತದೆ, ಆಲ್ಕೋಹಾಲ್ ಶೇ 10ರ ಹತ್ತಿರ ಬಂದಿರುತ್ತದೆ. ಹಾಗಾದರೆ ಉಳಿದದ್ದು ಕಡಿಮೆಯೇ ಅನ್ನಬೇಡಿ. ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಲ್ಲಿ ಮೋಸ ಹೋಗುತ್ತದೆ. ಆಲ್ಕೋಹಾಲ್ ನೀರಿಗಿಂತ ಹಗುರ. ಅದು ಬೆರೆತಷ್ಟೂ ಅಳತೆ ಕೆಳಗೆ ಜಾರುತ್ತದೆ. ಆ ತಪ್ಪನ್ನು ಸರಿಮಾಡಿ ನೋಡಿದರೆ 100 ಗ್ರಾಂ ಬಿಯರಿನಲ್ಲಿ ಸುಮಾರು 9.5 ಗ್ರಾಂ ಪದಾರ್ಥ ಇನ್ನೂ ಕರಗಿಕೊಂಡೇ ಇದೆ. ಲಾಗರ್ ಅನ್ನುವ ಮಾಮೂಲಿ ತಿಳಿ ಬಿಯರಿನಲ್ಲಿ ಇದು 4 ಗ್ರಾಂ ಆಸುಪಾಸು.

ಈ 9.5 ಗ್ರಾಂನಲ್ಲಿ ಬಹುಪಾಲು ಡೆಕ್ಸ್‌ಟ್ರಿನ್. ಅಂದರೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಗ್ಲುಕೋಸ್ ಕೊಂಡಿಗಳ ಸರಪಳಿ. ಯೀಸ್ಟಿಗೆ ಇದು ಬೇಡ. ತಮಾಷೆಯೆಂದರೆ ನಮ್ಮ ನಾಲಿಗೆಗೂ ಇದು ಅಷ್ಟೇನೂ ಸಿಹಿಯಲ್ಲ. ಬಾಯಿ ತುಂಬಿದ ಹಾಗೆ ಅನ್ನಿಸುವ ಮಂದತನ ಕೊಡುವುದೇ ಇದರ ದೊಡ್ಡ ಕೆಲಸ. ಸಿಹಿ ಬರುವುದು ಅಲ್ಪಸ್ವಲ್ಪ ಉಳಿದ ಸಣ್ಣ ಸಕ್ಕರೆಗಳಿಂದ ಮತ್ತು, ಇದನ್ನು ಎಷ್ಟೋ ಜನ ನಂಬುವುದಿಲ್ಲ, ಆಲ್ಕೋಹಾಲಿನಿಂದಲೇ. ಎಥನಾಲ್ ನಾಲಿಗೆಗೆ ಸ್ವಲ್ಪ ಸಿಹಿ, ಸ್ವಲ್ಪ ಕಹಿ, ಜೊತೆಗೆ ಸುಡುವಂಥದ್ದು.

ಆ ಸುಡುವಿಕೆಯ ಕತೆಯನ್ನೂ ಹೇಳಿಬಿಡುತ್ತೇನೆ. ಬಾಯಲ್ಲಿ ಟಿಆರ್‌ಪಿವಿ1 ಅನ್ನುವ ಬಿಸಿಯ ಸಂವೇದಕ ಇದೆ. ಸುಮಾರು 42 ಡಿಗ್ರಿ ದಾಟಿದರೆ ಅದು "ಸುಡ್ತಿದೆ" ಅಂತ ಮಿದುಳಿಗೆ ಸುದ್ದಿ ಕಳಿಸುತ್ತದೆ. ಎಥನಾಲ್ ತಾಗಿದರೆ ಆ ಗಡಿ 34ರ ಹತ್ತಿರಕ್ಕೆ ಇಳಿಯುತ್ತದೆ. ಬಾಯಿಯ ಬಿಸಿ ಅದಕ್ಕಿಂತ ಜಾಸ್ತಿ ತಾನೇ? ಹಾಗಾಗಿ ನಮ್ಮ ಬಾಯಿಯ ಬಿಸಿಯೇ ನಮಗೆ ಸುಡುತ್ತದೆ. ಚಳಿಯಲ್ಲಿ ಒಂದು ಗುಟುಕು ಹಾಕಿದರೆ ಮೈ ಬೆಚ್ಚಗಾಗುತ್ತೆ ಅನ್ನುವ ನಂಬಿಕೆ ದಯವಿಟ್ಟು ಬಿಡಿ. ಚರ್ಮದ ರಕ್ತನಾಳ ಹಿಗ್ಗಿ ಒಳಗಿನ ಬಿಸಿ ಹೊರಗೆ ಹೋಗುತ್ತದೆ. ಬೆಚ್ಚಗಾದಂತೆ ಅನ್ನಿಸುವ ಹೊತ್ತಿನಲ್ಲೇ ದೇಹ ತಣ್ಣಗಾಗುತ್ತಿರುತ್ತದೆ.

ಈಗ ಕಹಿಗೆ ಬರೋಣ. ನನ್ನ ಪ್ರಕಾರ ಇಡೀ ಕತೆಯ ನಾಯಕ ಅದೇ. ಇಷ್ಟು ಗಟ್ಟಿಯಾದ ರಸವನ್ನು ಕುಡಿಯುವ ಹಾಗೆ ಮಾಡಲು ಹಾಪ್ಸ್ (ಒಂದು ಬಳ್ಳಿಯ ಕಹಿ ಹೂ) ಧಾರಾಳವಾಗಿ ಹಾಕಬೇಕು. ಹಾಪ್ಸ್‌ನಲ್ಲಿ ಆಲ್ಫಾ ಆಮ್ಲಗಳಿವೆ. ಕುದಿಸಿದಾಗ ಅವು ರೂಪ ಬದಲಿಸಿ ಐಸೋ-ಆಲ್ಫಾ ಆಮ್ಲಗಳಾಗುತ್ತವೆ. ಬಿಯರಿನ ಕಹಿ ಬಹುಮಟ್ಟಿಗೆ ಇವುಗಳದ್ದೇ. ಈ ಅಣುಗಳು ಎರಡು ಬಗೆ: ಸಿಸ್ ಮತ್ತು ಟ್ರಾನ್ಸ್. ಕುದಿಸಿದ ಮೇಲೆ ಸುಮಾರು ಶೇ 70 ಸಿಸ್, ಶೇ 30 ಟ್ರಾನ್ಸ್ ಇರುತ್ತವೆ. ಎರಡರಲ್ಲೂ ಇರುವ ಪರಮಾಣುಗಳು ಒಂದೇ, ಅವುಗಳ ಲೆಕ್ಕವೂ ಒಂದೇ. ವ್ಯತ್ಯಾಸ ಇಷ್ಟೇ: ಐದು ಇಂಗಾಲದ ಉಂಗುರದಿಂದ ಎರಡು ಬಾಲಗಳು ಹೊರಟಿರುತ್ತವೆ. ಸಿಸ್ ಬಗೆಯಲ್ಲಿ ಒಂದು ಬಾಲ ಉಂಗುರದ ಮೇಲೆ, ಇನ್ನೊಂದು ಕೆಳಗೆ. ಟ್ರಾನ್ಸ್‌ನಲ್ಲಿ ಎರಡೂ ಒಂದೇ ಕಡೆ, ಅಕ್ಕಪಕ್ಕ.

ಅಕ್ಕಪಕ್ಕ ಇರುವುದೇ ಮುಳುವಾಗುತ್ತದೆ. ಬಿಯರ್ ಹುಳಿ ದ್ರವ. ಅದರ ಪಿಎಚ್ 4ರಿಂದ 4.5ರ ನಡುವೆ. ಆ ಹುಳಿಯ ಪ್ರೋಟಾನ್ ಒಂದು ಬಾಲಕ್ಕೆ ತಗುಲಿದರೆ ಸಾಕು, ಅದು ಪಕ್ಕದ ಬಾಲಕ್ಕೆ ಅಂಟಿಕೊಂಡು ಹೊಸ ಉಂಗುರ ಕಟ್ಟಿಬಿಡುತ್ತದೆ. ಹಳೆಯ ಅಣು ಮುಗಿಯಿತು. ಜೊತೆಗೆ ಅದರ ಕಹಿಯೂ ಹೋಯಿತು. ಸಿಸ್‌ನಲ್ಲಿ ಬಾಲಗಳು ಒಂದಕ್ಕೊಂದು ಎಟುಕುವುದಿಲ್ಲ, ಹಾಗಾಗಿ ಅದು ಬಹಳ ಕಾಲ ಬಾಳುತ್ತದೆ. ಗಮನಿಸಿ, ಈ ಕೆಲಸಕ್ಕೆ ಗಾಳಿ ಬೇಕಿಲ್ಲ. ಮುಚ್ಚಳ ಎಷ್ಟೇ ಬಿಗಿಯಾಗಿರಲಿ, ಕತ್ತಲಲ್ಲಿ ಇಡಿ, ಇದು ನಡೆದೇ ನಡೆಯುತ್ತದೆ. ತಂಪಾಗಿಟ್ಟರೆ ನಿಧಾನ, ಅಷ್ಟೇ. ಹೊಸದಾಗಿ ಹುಟ್ಟಿದ ಅಣುಗಳಿಗೂ ಒಂದಿಷ್ಟು ಕಹಿ ಇದೆ. ಆದರೆ ಅದರ ಗುಣ ಬೇರೆ, ಗಂಟಲಲ್ಲಿ ಒರಟಾಗಿ ನಿಲ್ಲುವಂಥದ್ದು. ಹಳೆಯ ಬಾಟಲಿಯ ಕೊನೆಯ ಗುಟುಕಿನಲ್ಲಿ ನಿಮಗೆ ಅದು ಸಿಕ್ಕಿರಬಹುದು.

ಕಹಿ ಇಳಿದರೆ ಸಿಹಿ ಏಕೆ ಏರಬೇಕು? ಬಾಯಲ್ಲಿ ರುಚಿಗಳು ಒಂದನ್ನೊಂದು ಅದುಮುತ್ತವೆ. ಸಂಗೀತ ಕಚೇರಿಯಲ್ಲಿ ಮೃದಂಗದ ಮೈಕ್ ಜೋರಾಗಿದ್ದರೆ ಹಾಡುವವರ ದನಿ ಹೂತುಹೋಗುತ್ತದಲ್ವಾ? ಮೃದಂಗದ ಮೈಕ್ ತಗ್ಗಿಸಿದರೆ ಹಾಡು ಮೇಲೆದ್ದು ಕೇಳುತ್ತದೆ, ಹಾಡುವವರು ಒಂದಿಷ್ಟೂ ದನಿ ಏರಿಸದೆ. ಹಳೆಯ ಬಾರ್ಲಿ ವೈನ್‌ನಲ್ಲಿ ಆಗುವುದು ಇದೇ. ಸಕ್ಕರೆ ಮೊದಲ ದಿನ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಇದೆ.

ಮೂಗಿನ ಕೈವಾಡವೂ ಇದೆ. ಬಾಟಲಿಗೆ ನುಸುಳುವ ಚೂರುಪಾರು ಆಮ್ಲಜನಕ ಮತ್ತು ಕಾಲ ಸೇರಿ ಹೊಸ ಘಮಗಳನ್ನು ಹುಟ್ಟಿಸುತ್ತವೆ. ಎಳೆಯ ಬಿಯರಿನ ಬಾಳೆಹಣ್ಣಿನ ಘಮ ಕೊಡುವ ಎಸ್ಟರ್ ಎಂಬ ಅಣು ಮಾಯವಾಗುತ್ತದೆ. ಜೇನು, ಒಣದ್ರಾಕ್ಷಿ, ಶೆರ್ರಿ (ಸ್ಪೇನಿನ ಒಂದು ಗಟ್ಟಿ ವೈನ್) ಘಮಗಳು ಎದ್ದು ನಿಲ್ಲುತ್ತವೆ. ಇದರಲ್ಲಿ ನನಗೆ ಅಚ್ಚುಮೆಚ್ಚು ಸೊಟೊಲೋನ್. ಹಳೆಯ ಶೆರ್ರಿಯಲ್ಲೂ ಇದೇ ಇರುತ್ತದೆ. ಮೆಂತ್ಯದ ಮುಖ್ಯ ಘಮವೂ ಇದೇ ಅಣು! ಗಾಢವಾಗಿದ್ದರೆ ಮೆಂತ್ಯ, ತೆಳುವಾದರೆ ಸುಟ್ಟ ಸಕ್ಕರೆಯ ಪಾಕ. ಶತಕೋಟಿಗೆ ಕೆಲವೇ ಭಾಗ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಪಾಕದ ಘಮ ಬಂದರೆ ಮಿದುಳು ಬಾಯಲ್ಲಿಯೂ ಸಿಹಿ ಇದೆ ಅಂತ ನಿರ್ಧರಿಸಿಬಿಡುತ್ತದೆ. ನಂಬಿಕೆ ಬರದಿದ್ದರೆ ಮೂಗು ಮುಚ್ಚಿಕೊಂಡು ಒಂದು ಗುಟುಕು ಕುಡಿದು ನೋಡಿ, ಸಿಹಿ ಎಷ್ಟು ಕುಗ್ಗುತ್ತದೆ ಅಂತ.

ಇತಿಹಾಸ ಹೇಳುವವರು ಇಲ್ಲೊಂದು ಗೊಂದಲ ಮಾಡುತ್ತಾರೆ. ಗ್ರೀಕ್ ಸೇನಾನಿ ಜೆನೊಫೋನ್ ಕ್ರಿ.ಪೂ. 400ರ ಸುಮಾರಿಗೆ ಅರ್ಮೇನಿಯಾದ ಹಳ್ಳಿಗಳಲ್ಲಿ ಬಾರ್ಲಿಯ ವೈನ್ ಕಂಡಿದ್ದ. ಕಾಳು ತೇಲುತ್ತಿದ್ದ ಪಾತ್ರೆಯಿಂದ ಜನ ಕೊಳವೆ ಇಟ್ಟು ಹೀರುತ್ತಿದ್ದರು. ನಮ್ಮ ಬಾರ್ಲಿ ವೈನ್ ಅದರ ಮೊಮ್ಮಗ ಅನ್ನುವುದು ಚೆಂದದ ಕತೆ, ಆದರೆ ಕತೆಯಷ್ಟೇ. ಹಾಪ್ಸ್ ಹಾಕಿದ ಬಿಯರಿನ ಖಚಿತ ದಾಖಲೆ ಸಿಗುವುದು 9ನೇ ಶತಮಾನದಿಂದ ಈಚೆಗೆ. ಹಾಪ್ಸ್ ಇಲ್ಲದಿದ್ದರೆ ನಾನು ಮೇಲೆ ಹೇಳಿದ ಕಹಿಯ ಕತೆ ನಡೆಯುವುದೇ ಇಲ್ಲ. ನಿಜವಾದ ಮೂಲ ಇಂಗ್ಲೆಂಡಿನ ದೊಡ್ಡ ಮನೆತನಗಳದ್ದು. 18ನೇ ಶತಮಾನದಲ್ಲಿ ಅಕ್ಟೋಬರ್‌ನಲ್ಲಿ ಗಟ್ಟಿ ಬಿಯರ್ ಮಾಡಿ ವರ್ಷಗಟ್ಟಲೆ ಪೀಪಾಯಿಯಲ್ಲಿ ಇಡುತ್ತಿದ್ದರು. ಮಾಲ್ಟಿನಿಂದ ಮೊದಲು ಇಳಿದ ಗಟ್ಟಿ ರಸ ಯಜಮಾನರಿಗೆ. ಅದೇ ಮಾಲ್ಟಿಗೆ ಮತ್ತೆ ನೀರು ಹೊಯ್ದು ತೆಗೆದ ತೆಳು ರಸ ಆಳುಗಳಿಗೆ. ಮಗ ಹುಟ್ಟಿದಾಗ ಮಾಡಿಟ್ಟು ಅವನಿಗೆ 21 ತುಂಬಿದಾಗ ತೆಗೆಯುವುದೂ ಇತ್ತು.

ಇಂಗ್ಲೆಂಡಿನ ಬರ್ಟನ್ ಊರಿನ ಬಾಸ್ ಕಂಪನಿ 1869ರಲ್ಲಿ ಮಾಡಿದ ರಾಟ್‌ಕ್ಲಿಫ್ ಏಲ್ (ಬಿಯರಿನ ಒಂದು ಬಗೆ) ಬಾಟಲಿಗಳು 2006ರಲ್ಲಿ ಅಲ್ಲಿನ ನೆಲಮಾಳಿಗೆಯಲ್ಲಿ ಸಿಕ್ಕವು. ನೂರಮೂವತ್ತು ವರ್ಷ ದಾಟಿದ್ದರೂ ಕುಡಿಯುವ ಹಾಗೆಯೇ ಇತ್ತು. 1968ರಲ್ಲಿ ಡಾರ್ಚೆಸ್ಟರ್‌ನ ಎಲ್ಡ್ರಿಡ್ಜ್ ಪೋಪ್ ಕಂಪನಿ ತಂದ ಥಾಮಸ್ ಹಾರ್ಡಿಸ್ ಏಲ್‌ಗೆ 25 ವರ್ಷ ಇಡಬಹುದೆಂದು ಹೇಳಿಕೊಂಡಿತ್ತು. ಇದನ್ನೆಲ್ಲ ಕೇಳಿ "ಹಳೆಯದಾದಷ್ಟೂ ಒಳ್ಳೆಯದು" ಅಂತ ಸಿಕ್ಕ ಬಿಯರನ್ನೆಲ್ಲ ಅಟ್ಟದ ಮೇಲೆ ಇಡುವವರಿದ್ದಾರೆ. ಬೇಡ. ಮಾಮೂಲಿ ಲಾಗರ್ ಇಟ್ಟರೆ ಸಿಗುವುದು ಒದ್ದೆ ರಟ್ಟಿನ ವಾಸನೆ. ಅದು ಟ್ರಾನ್ಸ್-2-ನೋನೆನಾಲ್ ಅನ್ನುವ ಅಣುವಿನದು. ಬಾರ್ಲಿ ವೈನ್‌ನಲ್ಲಿ ಅದನ್ನು ಮುಚ್ಚಿಹಾಕುವಷ್ಟು ಮಾಲ್ಟ್ ಮತ್ತು ಆಲ್ಕೋಹಾಲ್ ಇರುತ್ತದೆ. ಲಾಗರ್ ಬಳಿ ಏನಿದೆ?

ಲೋಟದ ಒಳಗೋಡೆಯಲ್ಲಿ ಇಳಿಯುವ ಹನಿಗಳನ್ನು ತೋರಿಸಿ "ಎಂಥ ಗುಣಮಟ್ಟ!" ಅನ್ನುವವರ ಮಾತನ್ನೂ ನಂಬಬೇಡಿ. ಅಂಚಿನಲ್ಲಿ ಆಲ್ಕೋಹಾಲ್ ಬೇಗ ಆರಿ, ಅಲ್ಲಿ ಮೇಲ್ಮೈ ಸೆಳೆತ ಜಾಸ್ತಿಯಾಗಿ, ದ್ರವ ಮೇಲಕ್ಕೆ ಎಳೆಯಲ್ಪಟ್ಟು, ಹನಿಯಾಗಿ ಬೀಳುತ್ತದೆ. 1855ರಲ್ಲೇ ಎಂಜಿನಿಯರ್ ಜೇಮ್ಸ್ ಥಾಮ್ಸನ್ ಇದನ್ನು ವಿವರಿಸಿದ್ದರು. ಹನಿಗಳು ಹೇಳುವುದು ಆಲ್ಕೋಹಾಲ್ ಜಾಸ್ತಿ ಇದೆ ಅಂತ, ರುಚಿ ಚೆನ್ನಾಗಿದೆ ಅಂತ ಅಲ್ಲ.

ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿಯುವುದು ಇನ್ನೊಂದು ತಪ್ಪು. ಸಿಹಿಯ ಸುದ್ದಿ ಮಿದುಳಿಗೆ ಸಾಗಿಸುವ ಟಿಆರ್‌ಪಿಎಂ5 ಅನ್ನುವ ಬಾಗಿಲು 15ರಿಂದ 35 ಡಿಗ್ರಿಯ ನಡುವೆ ಬಿಸಿ ಏರಿದಂತೆ ಹೆಚ್ಚು ತೆರೆದುಕೊಳ್ಳುತ್ತದೆ. ಘಮದ ಅಣುಗಳೂ ತಂಪಿನಲ್ಲಿ ಮೇಲೇಳುವುದಿಲ್ಲ. 12ರಿಂದ 15 ಡಿಗ್ರಿಗೆ ಬರಲಿ, ಬಾಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಳ್ಳಿ. ನೊರೆ ಇಲ್ಲ ಅಂತ ಗಾಬರಿ ಬೇಡ. ಸತ್ತ ಯೀಸ್ಟಿನಿಂದ ಹೊರಬಂದ ಪ್ರೋಟೀನೇಸ್ ಎ ಎಂಬ ಕಿಣ್ವ ನೊರೆ ಕಟ್ಟುವ ಪ್ರೋಟೀನುಗಳನ್ನು ವರ್ಷಗಳ ಹಿಂದೆಯೇ ಕತ್ತರಿಸಿ ಹಾಕಿರುತ್ತದೆ. ಅದೇ ಯೀಸ್ಟ್ ಇನ್ನೂ ಒಡೆದರೆ ಸೋಯಾ ಸಾಸ್‌ನ ಉಪ್ಪುಪ್ಪು ವಾಸನೆ ಬರುತ್ತದೆ. ಆ ವಾಸನೆ ಜೋರಾಗಿದ್ದರೆ ಬಾಟಲಿಯನ್ನು ಒಂದೆರಡು ವರ್ಷ ಮೊದಲೇ ತೆರೆಯಬೇಕಿತ್ತು.