ಮ್ಯಾರೀಡ್ ವಿಂಗ್: ಅಂಟಿಲ್ಲದೆ ಬೆಸೆದ ರೆಕ್ಕೆ

19ನೇ ಶತಮಾನದ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಸಾಲ್ಮನ್ ಮೀನು ಹಿಡಿಯಲು ಗರಿ, ರೇಷ್ಮೆ, ಜರಿಗಳಿಂದ ಗಾಳದ ಮೇಲೆ 'ಫ್ಲೈ' ಎಂಬ ಹುಸಿ ಆಮಿಷ ಕಟ್ಟುತ್ತಿದ್ದರು. ಅದರ ಬಣ್ಣಬಣ್ಣದ ರೆಕ್ಕೆ ಒಂದೇ ಹಕ್ಕಿಯ ಗರಿಯಂತೆ ಕಾಣುತ್ತದೆ. ನಿಜದಲ್ಲಿ ಅದು ನಾಲ್ಕೈದು ಹಕ್ಕಿಗಳ ಗರಿಯೆಳೆಗಳನ್ನು ಅಂಚಿಗೆ ಅಂಚು ಕೂಡಿಸಿದ್ದು. ಹೀಗೆ ಕೂಡಿಸಿದ ರೆಕ್ಕೆಯೇ ಮ್ಯಾರೀಡ್ ವಿಂಗ್. ಪ್ರಸಿದ್ಧ 'ಜಾಕ್ ಸ್ಕಾಟ್' ಫ್ಲೈಯಲ್ಲಿ ಹಂಸದ ಹಳದಿ, ಕೆಂಪು, ನೀಲಿ ಬಣ್ಣ ಹಾಕಿದ ಎಳೆಗಳ ಜೊತೆ ಬಸ್ಟರ್ಡ್ ಗರಿಯೂ ಗೋಲ್ಡನ್ ಫೆಸೆಂಟಿನ ಬಾಲದ ಗರಿಯೂ ಸೇರುತ್ತವೆ. ಈಗ ಹಂಸದ ಬದಲು ಹೆಬ್ಬಾತಿನ ಅಥವಾ ಟರ್ಕಿ ಕೋಳಿಯ ಗರಿ ಬಳಸುತ್ತಾರೆ.

ಅಂಟಿಲ್ಲದೆ ಇವು ನಿಲ್ಲುವುದು ಗರಿಯ ರಚನೆಯಿಂದ. ಪ್ರತಿ ಎಳೆಯ ಒಂದು ಬದಿಯ ಸೂಕ್ಷ್ಮ ಕವಲುಗಳಲ್ಲಿ ಕೊಕ್ಕೆಗಳಿವೆ. ಪಕ್ಕದ ಎಳೆಯ ಕವಲುಗಳಿಗೆ ಅವು ಸಿಕ್ಕಿಕೊಳ್ಳುತ್ತವೆ. ಕೆದರಿದ ಪಾರಿವಾಳದ ಗರಿಯನ್ನು ಬೆರಳಲ್ಲಿ ಸವರಿದಾಗ ಮತ್ತೆ ಕೂಡುವುದೂ ಹೀಗೆಯೇ. ಹಕ್ಕಿ ಯಾವುದೆಂಬುದು ಕೊಕ್ಕೆಗೆ ಮುಖ್ಯವಲ್ಲ, ದಿಕ್ಕು ಮುಖ್ಯ. ಆದ್ದರಿಂದ ಗರಿಯ ಎಡಮಗ್ಗುಲಿನ ಎಳೆಗಳಿಗೆ ಒಂದು ರಾಶಿ, ಬಲಮಗ್ಗುಲಿನವಕ್ಕೆ ಇನ್ನೊಂದು. ಇವೆರಡನ್ನು ಬೆರೆಸಿದರೆ ಎಷ್ಟು ಸವರಿದರೂ ಹಿಡಿಯುವುದಿಲ್ಲ. ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಒಂದೊಂದು ಬಣ್ಣದಲ್ಲಿ ಎರಡು ಮೂರು ಎಳೆ ಸಾಕು. ಉದ್ದ, ಬಾಗು, ಬಿರುಸು ಒಂದಕ್ಕೊಂದು ಹೊಂದಬೇಕು. ತುದಿಗಳನ್ನು ಸರಿಹೊಂದಿಸಿ, ಬುಡ ಹಿಡಿದು, ಬುಡದಿಂದ ತುದಿಯ ಕಡೆಗೆ ಮೆಲ್ಲನೆ ಸವರಬೇಕು. ಹಳೆಯ ಗರಿ ಮುದುಡಿದ್ದರೆ ಕುದಿಯುವ ನೀರಿನ ಹಬೆಗೆ ಹಿಡಿದರೆ ಸರಿಯಾಗುತ್ತದೆ.

ಕಷ್ಟವಿರುವುದು ಕಟ್ಟುವಾಗ. ಹಳೆಯ ಪದ್ಧತಿಯಲ್ಲಿ ಗಾಳವನ್ನು ಕಚ್ಚಿ ಹಿಡಿಯುವ ಉಪಕರಣವಾದ ವೈಸ್ ಇಲ್ಲ: ಗಾಳವನ್ನು ಬೆರಳಲ್ಲೇ ಹಿಡಿದು, ಮೇಣ ತಿಕ್ಕಿದ ರೇಷ್ಮೆ ದಾರದಿಂದ ಕಟ್ಟಬೇಕು. ಎಡ, ಬಲ ರೆಕ್ಕೆಗಳನ್ನು ಒಟ್ಟಿಗೆ ಹೆಬ್ಬೆರಳು, ತೋರುಬೆರಳ ನಡುವೆ ಬಿಗಿಯಾಗಿ ಹಿಡಿದು, ಮೇಲೆ ಸಡಿಲ ಸುತ್ತು ಹಾಕಿ, ದಾರವನ್ನು ನೇರ ಕೆಳಕ್ಕೆ ಎಳೆಯಬೇಕು. ಆಗ ಎಳೆಗಳು ಒಂದರ ಮೇಲೊಂದು ಕುಸಿದು ಕೂರುತ್ತವೆ. ದಾರ ಪಕ್ಕಕ್ಕೆ ಎಳೆದರೆ ಆಚೆಬದಿಯ ರೆಕ್ಕೆ ತಿರುಚಿ ಗಾಳದ ಅಡಿಗೆ ಹೊರಳುತ್ತದೆ. ಮೂರು ಸುತ್ತು ಬಿಗಿಯಾಗುವ ಮುನ್ನ ಬೆರಳು ಸಡಿಲಿಸಿದರೂ ಇದೇ ಗತಿ. ದಾರ ಬೀಳುವ ಜಾಗ ಮಟ್ಟಸವಾಗಿಲ್ಲದಿದ್ದರೆ ಬೆಸುಗೆ ಬುಡದಲ್ಲೇ ಸೀಳುತ್ತದೆ. ಆಗ ಬಿಚ್ಚಿ, ಕೆಳಪದರ ಸಮ ಮಾಡಿ, ಮತ್ತೆ ಕಟ್ಟುವುದೊಂದೇ ದಾರಿ.

ರೆಕ್ಕೆಯ ಇಕ್ಕೆಲದಲ್ಲಿ ಹೊಳೆಯುವ, ಕಣ್ಣಿನಂಥ ಮಚ್ಚೆಯ 'ಜಂಗಲ್ ಕಾಕ್' ಬೆಸೆದದ್ದಲ್ಲ, ಇಡೀ ಗರಿ. ಅದು ನಮ್ಮ ಪಶ್ಚಿಮಘಟ್ಟದ ಬೂದು ಕಾಡುಕೋಳಿಯ ಕತ್ತಿನದು. ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಹಕ್ಕಿಯನ್ನು ಕಾಯುತ್ತದೆ. ಬ್ರಿಟನ್ನಿನಲ್ಲಿ ಫ್ಲೈ ಕಟ್ಟುವವರು ಸಾಕಿದ ಹಕ್ಕಿಯ ಗರಿ ಬಳಸುತ್ತಾರೆ. ಆದರೆ ಅದೇ ಫ್ಲೈಗಳಲ್ಲಿ ಬರುವ 'ಇಂಡಿಯನ್ ಕ್ರೋ' ಕಾಗೆಯೂ ಅಲ್ಲ, ಭಾರತದ್ದೂ ಅಲ್ಲ; ದಕ್ಷಿಣ ಅಮೆರಿಕದ ಕಾಡಿನ ಹಕ್ಕಿ.